‘ಪುಟಿಯುವ’: ಚೆಂಡಿನಿಂದ ಚೈತನ್ಯದವರೆಗೆ ಒಂದು ವಿಶೇಷಣದ ಪಯಣ

ಕ್ರೀಡಾಪುಟ ತೆರೆದರೆ ‘ಪುಟಿಯುವ ಪಿಚ್’. ವಾಣಿಜ್ಯಪುಟಕ್ಕೆ ಬಂದರೆ ‘ಪುಟಿದೆದ್ದ ಸೂಚ್ಯಂಕ’. ಸಿನಿಮಾ ಪುಟದಲ್ಲಿ ‘ಉತ್ಸಾಹ ಪುಟಿಯುವ ನಾಯಕಿ’, ಆರೋಗ್ಯ ಅಂಕಣದಲ್ಲಿ ‘ಚೈತನ್ಯ ಪುಟಿಯುವ ವೃದ್ಧಾಪ್ಯ’. ಒಂದೇ ದಿನದ ಪತ್ರಿಕೆಯಲ್ಲಿ ನಾಲ್ಕು ಕಡೆ, ನಾಲ್ಕು ಬಗೆಯಲ್ಲಿ ಕಾಣಿಸಿಕೊಳ್ಳುವ ಈ ಪದವನ್ನು ಓದುಗರು ಅರ್ಥಮಾಡಿಕೊಳ್ಳುವುದರಲ್ಲಿ ತೊಡಕೇನೂ ಇಲ್ಲ. ತೊಡಕಿರುವುದು ಅದನ್ನು ಬಳಸುವವರಿಗೆ, ಅದರಲ್ಲೂ ಅವಸರದಲ್ಲಿ ಸುದ್ದಿ ಬರೆಯುವವರಿಗೆ. ಎಲ್ಲಿ ಈ ಪದ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ, ಸಲ್ಲದ ಕಡೆ ಬಳಸಿದರೆ ಯಾರಿಗೆ ನೋವಾಗುತ್ತದೆ ಎಂಬುದನ್ನು ತಿಳಿಯಲು ಪದದ ಬುಡಕ್ಕೇ ಹೋಗಬೇಕಾಗುತ್ತದೆ.

‘ಪುಟಿ’ ಎಂಬುದು ಕ್ರಿಯಾಪದ. ಬಿದ್ದ ವಸ್ತು ನೆಲಕ್ಕೆ ತಾಗಿ ಮತ್ತೆ ಮೇಲಕ್ಕೆ ಏಳುವುದು ಇದರ ಮೊದಲ ಅರ್ಥ. ಒಳಗಿನ ಒತ್ತಡದಿಂದ ಮೇಲಕ್ಕೆ ಉಕ್ಕುವುದು ಇನ್ನೊಂದು ಅರ್ಥ. ಚೆಂಡು ಪುಟಿಯುವುದು ಮೊದಲನೆಯದು. ಕಾರಂಜಿ ಪುಟಿಯುವುದು ಎರಡನೆಯದು. ಈ ಎರಡರ ನಡುವಣ ವ್ಯತ್ಯಾಸ ಮೇಲುನೋಟಕ್ಕೆ ಸಣ್ಣದಾಗಿ ಕಂಡರೂ ಪದದ ಎಲ್ಲ ಬಳಕೆಯೂ ಇದರ ಮೇಲೆಯೇ ನಿಂತಿದೆ. ಚೆಂಡಿಗೆ ಪುಟಿಯಲು ಮೊದಲು ಬೀಳಬೇಕು. ಕಾರಂಜಿಗೆ ಬೀಳುವ ಅಗತ್ಯವಿಲ್ಲ. ‘ಉತ್ಸಾಹ ಪುಟಿಯುವ ಹುಡುಗಿ’ ಎಂದಾಗ ಆಕೆ ಎಲ್ಲೋ ಬಿದ್ದು ಎದ್ದಳೆಂದು ಯಾರೂ ಭಾವಿಸುವುದಿಲ್ಲ, ಅಲ್ಲಿರುವುದು ಕಾರಂಜಿ. ‘ಸೋಲಿನಿಂದ ಪುಟಿದೆದ್ದ ತಂಡ’ ಎಂದಾಗ ಇರುವುದು ಚೆಂಡು.

ವ್ಯಾಕರಣದ ಮಾತು

ಕನ್ನಡದಲ್ಲಿ ‘ಪುಟಿಯುವ’ ಹುಟ್ಟಾ ವಿಶೇಷಣವಲ್ಲ. ‘ಪುಟಿ’ ಧಾತುವಿಗೆ ‘ಉವ’ ಸೇರಿ, ನಡುವೆ ಯಕಾರ ಆಗಮವಾಗಿ ಆದ ಕೃದಂತ ರೂಪವಿದು. ಭೂತಕಾಲದಲ್ಲಿ ‘ಪುಟಿದ’, ನಿಷೇಧದಲ್ಲಿ ‘ಪುಟಿಯದ’. ‘ಪುಟಿಯದ ಚೆಂಡು’ ಎಂದರೆ ಗಾಳಿ ಹೋದ, ಸತ್ವ ಕಳೆದುಕೊಂಡ ಚೆಂಡು. ಇನ್ನೊಬ್ಬರು ಪುಟಿಯುವಂತೆ ಮಾಡಿದರೆ ‘ಪುಟಿಸು’. ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಚೆಂಡನ್ನು ಪುಟಿಸುತ್ತ ಓಡುತ್ತಾಳೆ. ನಾಮರೂಪ ‘ಪುಟಿತ’, ಕುಡಿ–ಕುಡಿತ, ಜಿಗಿ–ಜಿಗಿತ, ಮಿಡಿ–ಮಿಡಿತಗಳ ಸಾಲಿಗೆ ಸೇರುವಂಥದು. ‘ಪುಟಿಯುವಿಕೆ’ ಎಂದೂ ಬರೆಯಬಹುದಾದರೂ ಶೀರ್ಷಿಕೆ ಬರೆಯುವವರಿಗೆ ‘ಪುಟಿತ’ವೇ ಪ್ರಿಯ. ಮೂರೇ ಅಕ್ಷರ, ಒಂದು ಅಂಕಣದ ಅಗಲದಲ್ಲಿ ಸುಲಭವಾಗಿ ಕೂರುತ್ತದೆ. ‘ಪುಟಿದು’ ಮತ್ತು ‘ಏಳು’ ಸೇರಿ ಲೋಪಸಂಧಿಯಾಗಿ ‘ಪುಟಿದೇಳು’ ಆಗುತ್ತದೆ. ಇದನ್ನು ಬಿಡಿಸಿ ‘ಪುಟಿದು ಏಳು’ ಎಂದು ಬರೆದರೆ ತಪ್ಪಲ್ಲ, ಆದರೆ ಪದದೊಳಗಿನ ಚಿಮ್ಮು ಅರ್ಧ ಇಳಿದುಹೋಗುತ್ತದೆ.

ಇಂಗ್ಲಿಷ್, ಸಂಸ್ಕೃತಗಳಲ್ಲಿರುವಂತೆ ಗುಣವನ್ನು ಹೇಳುವ ಪ್ರತ್ಯೇಕ ಪದಗಳ ದೊಡ್ಡ ರಾಶಿ ಕನ್ನಡದಲ್ಲಿಲ್ಲ. ಹೊಸ, ಹಳೆಯ, ದೊಡ್ಡ, ಚಿಕ್ಕ, ಒಳ್ಳೆಯ, ಕೆಟ್ಟ, ಎಳೆಯ, ಬಿಳಿಯ ಹೀಗೆ ಕೆಲವಷ್ಟಿವೆ. ಉಳಿದ ಕೆಲಸವನ್ನು ನಾಮಪದದ ಷಷ್ಠೀ ರೂಪವೋ (‘ಲವಲವಿಕೆಯ ಮಾತು’), ‘ಆದ’ ಸೇರಿದ ರೂಪವೋ (‘ಚುರುಕಾದ ಹುಡುಗ’), ಇಲ್ಲವೇ ಕ್ರಿಯಾಪದದಿಂದ ಬಂದ ಕೃದಂತವೋ ಮಾಡಬೇಕು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಗುಣವಾಚಕಗಳ ಸ್ವರೂಪವನ್ನೇ ವಿಷಯವಾಗಿಟ್ಟುಕೊಂಡು 1994ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥ ಪ್ರಕಟಿಸಿದ್ದರು. ಕನ್ನಡದಲ್ಲಿ ಬರೆಯುವಾಗ ಇವಕ್ಕೆ ‘ಪರಿಚೆಪದ’ ಎಂಬ ಹೆಸರನ್ನೂ ಕೊಟ್ಟರು. ಕನ್ನಡದ ವ್ಯಾಕರಣವನ್ನು ಕನ್ನಡದ ಜಾಯಮಾನದಿಂದಲೇ ನೋಡಬೇಕೆಂಬುದು ಅವರ ವಾದ. ನಮ್ಮ ಪ್ರಸ್ತುತ ಪದದ ಮಟ್ಟಿಗೆ ಇದರಿಂದ ಒಂದು ಉಪಯೋಗವಿದೆ. ‘ಪುಟಿಯುವ’ ಎಂಬುದು ಕ್ರಿಯೆಯಿಂದ ಬಂದ ವಿಶೇಷಣವಾದ್ದರಿಂದ ಅದರೊಳಗೆ ಕ್ರಿಯೆ ಇನ್ನೂ ನಡೆಯುತ್ತಲೇ ಇರುತ್ತದೆ. ‘ಹೊಸ ಚೆಂಡು’ ಮೇಜಿನ ಮೇಲೆ ಸುಮ್ಮನೆ ಕೂತಿರಬಹುದು. ‘ಪುಟಿಯುವ ಚೆಂಡು’ ಮನಸ್ಸಿನಲ್ಲಿ ಕೂರುವುದೇ ಇಲ್ಲ.

ಇದೇ ಕಾರಣಕ್ಕೆ ನಿಘಂಟಿನಲ್ಲಿ ‘ಪುಟಿಯುವ’ ಎಂದು ಹುಡುಕಿದವರಿಗೆ ನಿರಾಶೆಯಾಗುತ್ತದೆ. ಕಿಟೆಲ್ ಅವರ 1894ರ ನಿಘಂಟೇ ಆಗಲಿ, ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟೇ ಆಗಲಿ, ಕ್ರಿಯಾಪದಗಳನ್ನು ಹುಡುಕಬೇಕಾದುದು ಧಾತುರೂಪದಲ್ಲಿ.

ಇನ್ನೊಂದು ಕುತೂಹಲದ ಸಂಗತಿ. ಹಳಗನ್ನಡದಲ್ಲಿ ಪಕಾರದಿಂದ ಆರಂಭವಾಗುತ್ತಿದ್ದ ಅಸಂಖ್ಯ ಪದಗಳು ನಡುಗನ್ನಡದ ಹೊತ್ತಿಗೆ ಹಕಾರಕ್ಕೆ ಹೊರಳಿದವು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ‘ಪುಟ್ಟು’ ಎಂಬುದು ‘ಹುಟ್ಟು’ ಆಯಿತು. ಆದರೆ ‘ಪುಟಿ’ ಮಾತ್ರ ಹಾಗೇ ಉಳಿಯಿತು. ‘ಹುಟಿಯುವ ಚೆಂಡು’ ಎಂದು ಯಾರೂ ಹೇಳುವುದಿಲ್ಲ. ತುಟಿಗಳೆರಡೂ ಮುಚ್ಚಿ ಒಮ್ಮೆಗೇ ತೆರೆದುಕೊಳ್ಳುವ ಪಕಾರದಲ್ಲಿಯೇ ಈ ಪದದ ಜೀವವಿದೆ ಎಂದು ಈ ವರದಿಗಾರನಿಗೆ ಅನ್ನಿಸುವುದುಂಟು. ಅದು ಶಾಸ್ತ್ರವಲ್ಲ, ಕಿವಿಯ ಸಾಕ್ಷಿ ಅಷ್ಟೇ.

‘ಪುಟ’ದೊಂದಿಗೆ ಗೊಂದಲ ಬೇಡ. ಪುಸ್ತಕದ ಪುಟ, ಚಿನ್ನವನ್ನು ಪುಟಕ್ಕಿಡುವುದು, ಆಯುರ್ವೇದದ ಪುಟಪಾಕ ಇವೆಲ್ಲ ಸಂಸ್ಕೃತ ಮೂಲದ ‘ಪುಟ’ ಶಬ್ದದ ಬಳಗ. ಶ್ರದ್ಧಾಂಜಲಿ ಲೇಖನಗಳಲ್ಲಿ ‘ಕಷ್ಟದಲ್ಲಿ ಪುಟಿದ ಚಿನ್ನ’ ಎಂಬ ಪ್ರಯೋಗ ಆಗಾಗ ನಮ್ಮ ಮೇಜಿಗೆ ಬರುತ್ತದೆ. ಚಿನ್ನ ಪುಟಿಯುವುದಿಲ್ಲ; ಅದನ್ನು ಪುಟಕ್ಕಿಡಲಾಗುತ್ತದೆ.

ಚೆಂಡು ಎಷ್ಟು ಪುಟಿಯಬೇಕು?

ವಿಜ್ಞಾನದ ಪಠ್ಯಪುಸ್ತಕಗಳು ಪುಟಿತದ ಹಿಂದಿರುವ ಗುಣವನ್ನು ‘ಸ್ಥಿತಿಸ್ಥಾಪಕತ್ವ’ ಎಂದು ಕರೆಯುತ್ತವೆ. ಆರು ಅಕ್ಷರಗಳಲ್ಲಿ ಅರ್ಧದಷ್ಟು ಒತ್ತಕ್ಷರವೇ ಆಗಿರುವ ಈ ಪದವನ್ನು ಪ್ರೌಢಶಾಲೆಯಲ್ಲಿ ಉರು ಹೊಡೆದವರು ಮರೆತಿರಲಾರರು. ಆಕಾರ ಕೆಡಿಸಿದರೂ ಮೊದಲಿನ ಸ್ಥಿತಿಗೆ ಮರಳುವ ಗುಣ ಎಂಬುದು ಇದರ ತಾತ್ಪರ್ಯ. ಚೆಂಡು ನೆಲಕ್ಕೆ ಬಡಿದಾಗ ಒಂದು ಕ್ಷಣ ಚಪ್ಪಟೆಯಾಗುತ್ತದೆ. ಬಿದ್ದ ವೇಗದ ಶಕ್ತಿಯೆಲ್ಲ ಆ ಅಮುಕಿನಲ್ಲಿ ಸಂಗ್ರಹವಾಗಿ, ಚೆಂಡು ತನ್ನ ದುಂಡುತನಕ್ಕೆ ಮರಳುವಾಗ ನೆಲವನ್ನು ಒತ್ತಿ ಮೇಲೇಳುತ್ತದೆ. ಶಕ್ತಿಯ ಒಂದಷ್ಟು ಪಾಲು ಶಾಖವಾಗಿ, ಸದ್ದಾಗಿ ಸೋರಿಹೋಗುತ್ತದೆ. ಆದ್ದರಿಂದ ಕೈಬಿಟ್ಟ ಚೆಂಡು ತಾನು ಬಿದ್ದ ಎತ್ತರಕ್ಕೆ ತಾನಾಗಿ ಮರಳುವುದಿಲ್ಲ.

ಎಷ್ಟು ಮರಳಬೇಕು ಎಂಬುದಕ್ಕೆ ಕ್ರೀಡಾ ಸಂಸ್ಥೆಗಳ ಬಳಿ ಅಳತೆಯಿದೆ. ಸಾಮಾನ್ಯ ಮಾದರಿಯ ಟೆನಿಸ್ ಚೆಂಡನ್ನು 254 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಟ್ಟರೆ ಅದು ಸುಮಾರು 135ರಿಂದ 147 ಸೆಂ.ಮೀ. ವರೆಗೆ ಪುಟಿಯಬೇಕು, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು. ಟೇಬಲ್ ಟೆನಿಸ್‌ನಲ್ಲಿ ನಿಯಮ ಮೇಜಿನ ಮೇಲೂ ಇದೆ. 30 ಸೆಂ.ಮೀ. ಎತ್ತರದಿಂದ ಬಿಟ್ಟ ಚೆಂಡು ಮೇಜಿನ ಯಾವ ಮೂಲೆಯಲ್ಲಿ ಬಿದ್ದರೂ ಸುಮಾರು 23 ಸೆಂ.ಮೀ. ಏಳಬೇಕು. ಪುಟಿತವೆಂಬುದು ಚೆಂಡೊಂದರ ಗುಣವಲ್ಲ, ಬಿದ್ದ ನೆಲದ ಗುಣವೂ ಹೌದೆಂಬುದನ್ನು ಈ ನಿಯಮ ಒಪ್ಪಿಕೊಂಡಿದೆ. ಅದೇ ಚೆಂಡನ್ನು ಮರಳಿನ ಮೇಲೆ ಬಿಟ್ಟರೆ ‘ಧೊಪ್’ ಎಂದು ಅಲ್ಲೇ ಕೂರುತ್ತದೆ.

ಸ್ಕ್ವಾಷ್ ಆಡುವವರನ್ನು ಗಮನಿಸಿದ್ದೀರಾದರೆ, ಆಟಕ್ಕೆ ಮುನ್ನ ಅವರು ಚೆಂಡನ್ನು ಗೋಡೆಗೆ ಮತ್ತೆ ಮತ್ತೆ ಬಡಿಯುತ್ತಿರುತ್ತಾರೆ. ತಣ್ಣಗಿರುವ ಸ್ಕ್ವಾಷ್ ಚೆಂಡು ಹೆಚ್ಚುಕಡಿಮೆ ಸತ್ತ ಚೆಂಡು. ಪೆಟ್ಟು ತಿಂದು ಬಿಸಿಯಾದ ಮೇಲೆಯೇ ಅದಕ್ಕೆ ಪುಟಿತ ಬರುವುದು. ಲಗೋರಿ ಆಡುತ್ತಿದ್ದ ಕಾಲದಲ್ಲಿ ಬಿಸಿಲಿಗೆ ಇಟ್ಟ ರಬ್ಬರ್ ಚೆಂಡು ಜಾಸ್ತಿ ಎಗರುತ್ತದೆಂದು ನಮಗೂ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಪುಟಿತದ ಹುಚ್ಚು ಅಮೆರಿಕದಲ್ಲಿ ಒಂದು ಉದ್ಯಮವನ್ನೇ ಹುಟ್ಟಿಸಿತ್ತು. ರಸಾಯನಶಾಸ್ತ್ರಜ್ಞ ನಾರ್ಮನ್ ಸ್ಟಿಂಗ್ಲಿ ರೂಪಿಸಿದ, ಪಾಲಿಬ್ಯುಟಡೈಯೀನ್ ಎಂಬ ಕೃತಕ ರಬ್ಬರಿನ ‘ಸೂಪರ್ ಬಾಲ್’ 1965ರಲ್ಲಿ ಮಾರುಕಟ್ಟೆಗೆ ಬಂದಾಗ ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರೇ ಮುಗಿಬಿದ್ದಿದ್ದರು ಎನ್ನಬಹುದಾದಷ್ಟು ಜನಪ್ರಿಯವಾಗಿತ್ತು.

ಪಿಚ್ಚಿನ ಮೇಲೆ

ಕನ್ನಡ ಪತ್ರಿಕೆಗಳಲ್ಲಿ ‘ಪುಟಿಯುವ’ ಪದಕ್ಕೆ ಹೆಚ್ಚು ಕೆಲಸ ಕೊಟ್ಟದ್ದು ಕ್ರಿಕೆಟ್. ಗಲ್ಲಿ ಕ್ರಿಕೆಟ್ಟಿನ ಹುಡುಗರು ಇಂದಿಗೂ ‘ಒನ್ ಪಿಚ್ ಕ್ಯಾಚ್’ ಎನ್ನುತ್ತಾರೆಯೇ ಹೊರತು ‘ಒಂದು ಪುಟಿತದ ಕ್ಯಾಚ್’ ಎನ್ನುವುದಿಲ್ಲ. ಆದರೆ ಅದೇ ಹುಡುಗರು ಮರುದಿನ ಪತ್ರಿಕೆಯಲ್ಲಿ ‘ಅನಿರೀಕ್ಷಿತವಾಗಿ ಪುಟಿದ ಚೆಂಡು’ ಎಂದು ಓದಿದರೆ ತಡವರಿಸುವುದೂ ಇಲ್ಲ.

ಆಸ್ಟ್ರೇಲಿಯದ ಪರ್ತ್ ನಗರದ ವಾಕಾ ಮೈದಾನ ದಶಕಗಳ ಕಾಲ ಪುಟಿಯುವ ಪಿಚ್‌ಗೆ ಪರ್ಯಾಯ ಪದವಾಗಿತ್ತು. ಗಟ್ಟಿ ಮಣ್ಣು, ಕಡಲ ಗಾಳಿ, ಎದೆಮಟ್ಟಕ್ಕೆ ಬರುವ ಚೆಂಡು. ಏಷ್ಯಾದ ನಿಧಾನ ಪಿಚ್‌ಗಳಲ್ಲಿ ಬೆಳೆದ ಬ್ಯಾಟ್ಸ್‌ಮನ್‌ಗಳಿಗೆ ಅದು ದುಃಸ್ವಪ್ನ. 2008ರ ಜನವರಿಯಲ್ಲಿ ಭಾರತ ತಂಡ ಅಲ್ಲಿ ಟೆಸ್ಟ್ ಆಡಲು ಹೋದಾಗಲೂ ಚರ್ಚೆಯೆಲ್ಲ ಈ ಪುಟಿತದ ಸುತ್ತಲೇ ನಡೆದಿತ್ತು. ಸಿಡ್ನಿಯ ಕಹಿ ಸೋಲಿನ ಬೆನ್ನಿಗೇ ಬಂದ ಪಂದ್ಯವದು. ಬೆಂಗಳೂರಿನ ಅನಿಲ್ ಕುಂಬ್ಳೆ ನಾಯಕ. ಭಾರತ 72 ರನ್‌ಗಳಿಂದ ಗೆದ್ದಿತು, ಸತತ 16 ಟೆಸ್ಟ್‌ಗಳಲ್ಲಿ ಗೆದ್ದಿದ್ದ ಆಸ್ಟ್ರೇಲಿಯದ ಓಟ ಅಲ್ಲಿಗೆ ನಿಂತಿತು. ಅದೇ ಪಂದ್ಯದಲ್ಲಿ ಕುಂಬ್ಳೆ ತಮ್ಮ 600ನೆಯ ಟೆಸ್ಟ್ ವಿಕೆಟ್ ಪಡೆದರು. ಆಂಡ್ರ್ಯೂ ಸೈಮಂಡ್ಸ್ ಕೊಟ್ಟ ಕ್ಯಾಚನ್ನು ಸ್ಲಿಪ್‌ನಲ್ಲಿ ಹಿಡಿದವರು ರಾಹುಲ್ ದ್ರಾವಿಡ್. ಬೌಲರ್ ಬೆಂಗಳೂರಿನವರು, ಹಿಡಿದವರೂ ಬೆಂಗಳೂರಿನವರು ಎಂಬುದನ್ನು ಅಂದು ನಮ್ಮ ಯಾವ ಪತ್ರಿಕೆಯೂ ಹೇಳದೆ ಬಿಟ್ಟಿರಲಾರದು.

ಕುಂಬ್ಳೆ ಅವರನ್ನು ಇಲ್ಲಿ ನೆನೆಯಲು ಇನ್ನೂ ಗಟ್ಟಿಯಾದ ಕಾರಣವಿದೆ. ಅವರು ಲೆಗ್ ಸ್ಪಿನ್ನರ್. ಆದರೆ ಅವರ ಆಯುಧ ತಿರುವಿಗಿಂತ ಪುಟಿತವೇ ಆಗಿತ್ತು. ಎತ್ತರದ ಆಳು, ಮೇಲಿನಿಂದ ಬರುವ ತೋಳು, ಸ್ಪಿನ್ನರಿಗೆ ಅಪರೂಪವಾದ ವೇಗ. ಚೆಂಡು ಪಿಚ್ಚಿಗೆ ಬಿದ್ದು ಬ್ಯಾಟಿನ ಅಂಚು, ಕೈಗವಸು, ಪ್ಯಾಡು ಹುಡುಕಿಕೊಂಡು ಬರುತ್ತಿತ್ತು. ಚೆಂಡು ತಿರುಗುವುದೇ ಇಲ್ಲ ಎಂದು ಅವರನ್ನು ಹಂಗಿಸಿದವರಿಗೆ ಕೊರತೆಯಿರಲಿಲ್ಲ. 132 ಟೆಸ್ಟ್‌ಗಳಲ್ಲಿ 619 ವಿಕೆಟ್‌ಗಳು ಆ ಹಂಗಿಗೆ ಉತ್ತರ. 1999ರ ಫೆಬ್ರುವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್‌ಗಳಿಗೆ ಕಿತ್ತಾಗ ಅವರಿಗೆ ನೆರವಾದದ್ದು ಪುಟಿತದ ಏರುಪೇರು. ಒಂದು ಚೆಂಡು ಏಳುತ್ತಿತ್ತು, ಮುಂದಿನದು ಕಾಲಬುಡದಲ್ಲೇ ಸರಿಯುತ್ತಿತ್ತು. ಇಂಥ ಪಿಚ್ಚನ್ನು ‘ಪುಟಿಯುವ ಪಿಚ್’ ಎನ್ನಲಾಗದು. ‘ಅಸಮ ಪುಟಿತದ ಪಿಚ್’ ಎನ್ನಬೇಕು. ಮೊದಲನೆಯದು ಆಟಕ್ಕೆ ಜೀವ, ಎರಡನೆಯದು ಬ್ಯಾಟ್ಸ್‌ಮನ್ನನ ಬೆರಳಿಗೆ ಅಪಾಯ. ಎರಡನ್ನೂ ಒಂದೇ ವಿಶೇಷಣದಲ್ಲಿ ಕಟ್ಟಿಹಾಕುವ ವರದಿಗಳನ್ನು ನೋಡಿದಾಗ, ಬರೆದವರು ಪಂದ್ಯ ನೋಡಿಲ್ಲ ಎಂದೇ ತಿಳಿಯಬೇಕು.

ಇತ್ತೀಚಿನ ವರ್ಷಗಳಲ್ಲಿ ಪರ್ತ್‌ನ ಟೆಸ್ಟ್‌ಗಳು ವಾಕಾದಿಂದ ನದಿಯಾಚೆಯ ಹೊಸ ಕ್ರೀಡಾಂಗಣಕ್ಕೆ ಹೋಗಿವೆ. 2018ರ ಡಿಸೆಂಬರ್‌ನಲ್ಲಿ ಅಲ್ಲಿ ಮೊದಲ ಟೆಸ್ಟ್ ಆಡಿದ್ದೂ ಭಾರತವೇ. ವಿಶೇಷಣ ಮಾತ್ರ ಹಳೆಯ ಮೈದಾನದಿಂದ ಹೊಸದಕ್ಕೆ ಜತೆಯಲ್ಲೇ ಬಂದಿದೆ.

ಸೂಚ್ಯಂಕ ಪುಟಿದ ದಿನ

ವಾಣಿಜ್ಯಪುಟದಲ್ಲಿ ಈ ಪದ ಅತಿಯಾಗಿ ಬಳಕೆಯಾಗುತ್ತಿದೆ. ಷೇರು ಸೂಚ್ಯಂಕ ನೂರು ಅಂಶ ಏರಿದರೂ ‘ಪುಟಿದೆದ್ದಿತು’, ತಿಂಗಳುಗಟ್ಟಲೆ ತೆವಳಿ ಏರಿದರೂ ‘ಪುಟಿದೆದ್ದಿತು’. ನಿಜಕ್ಕೂ ಪುಟಿಯುವುದೆಂದರೇನೆಂದು ತಿಳಿಯಬೇಕಾದರೆ 2020ರ ಮಾರ್ಚ್ 13ರ ಶುಕ್ರವಾರವನ್ನು ನೋಡಬೇಕು. ಕೊರೊನಾ ಭೀತಿಯಲ್ಲಿ ಅಂದು ಬೆಳಿಗ್ಗೆ ವಹಿವಾಟು ಆರಂಭವಾದ ಕೆಲವೇ ನಿಮಿಷಗಳಲ್ಲಿ ನಿಫ್ಟಿ ಶೇ 10ರಷ್ಟು ಕುಸಿದು, 45 ನಿಮಿಷ ವಹಿವಾಟನ್ನೇ ನಿಲ್ಲಿಸಬೇಕಾಯಿತು. ಸೆನ್ಸೆಕ್ಸ್ 3,000ಕ್ಕೂ ಹೆಚ್ಚು ಅಂಶ ಕಳೆದುಕೊಂಡು 29,388ರ ಮಟ್ಟಕ್ಕೆ ಇಳಿದಿತ್ತು. ಸಂಜೆ ವಹಿವಾಟು ಮುಗಿದಾಗ ಅದೇ ಸೆನ್ಸೆಕ್ಸ್ ಹಿಂದಿನ ದಿನಕ್ಕಿಂತ 1,325 ಅಂಶ ಮೇಲಿದ್ದು 34,103ರಲ್ಲಿ ನಿಂತಿತು. ಬಿದ್ದ ವೇಗ, ಎದ್ದ ವೇಗ ಎರಡೂ ಒಂದೇ ಹಗಲಿನೊಳಗೆ. ಅದು ಪುಟಿತ.

ಹತ್ತು ದಿನ ಕಳೆದು, ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,935 ಅಂಶ ಕುಸಿದು 25,981ಕ್ಕೆ ಬಂತು. ವರ್ಷಾರಂಭದಲ್ಲಿ ಅದು 42,000 ದಾಟಿತ್ತು. ಆ ಎತ್ತರವನ್ನು ಮತ್ತೆ ಕಾಣಲು ನವೆಂಬರ್‌ವರೆಗೆ ಕಾಯಬೇಕಾಯಿತು. ಏಳೆಂಟು ತಿಂಗಳ ಈ ಏರಿಕೆಯನ್ನು ಪುಟಿತವೆನ್ನುವುದು ಸರಿಯಲ್ಲ. ಅದಕ್ಕೆ ಕನ್ನಡದಲ್ಲಿ ‘ಚೇತರಿಕೆ’ ಎಂಬ ಸೊಗಸಾದ ಪದವಿದೆ. ಜ್ವರ ಬಿಟ್ಟ ಮನುಷ್ಯ ಗಂಜಿ ಕುಡಿದು, ಗೋಡೆ ಹಿಡಿದು ನಡೆದು, ಒಂದು ದಿನ ಬೀದಿಯ ತುದಿಯವರೆಗೆ ಹೋಗಿಬರುವುದು ಚೇತರಿಕೆ. ಅವನನ್ನು ‘ಪುಟಿದೆದ್ದ’ ಎಂದರೆ ಅವನ ಆ ದಿನಗಳ ಶ್ರಮವನ್ನೇ ಅಳಿಸಿದಂತಾಗುತ್ತದೆ.

ಈ ಅಂತರವನ್ನು ಈ ವರದಿಗಾರ ಕಲಿತದ್ದು ನಿಘಂಟಿನಿಂದಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಮಕ್ಕಂದೂರು, ಜೋಡುಪಾಲ ಸುತ್ತಮುತ್ತಲಿನ ಊರುಗಳ ಮನೆ, ತೋಟ, ರಸ್ತೆ ಕೊಚ್ಚಿಹೋದ ಕೆಲವು ವಾರಗಳ ಬಳಿಕ ಒಂದು ವರದಿ ಬರೆಯಬೇಕಿತ್ತು. ಪ್ರವಾಸಿಗರು ಮತ್ತೆ ಬರತೊಡಗಿದ್ದರು, ಅಂಗಡಿಗಳು ತೆರೆದಿದ್ದವು. ‘ಪುಟಿದೆದ್ದ ಕೊಡಗು’ ಎಂದು ಶೀರ್ಷಿಕೆ ಕೊಟ್ಟೆ. ಮೂರು ಪದಗಳ ಬದಲು ಎರಡು, ಅಂಕಣಕ್ಕೆ ಸರಿಯಾಗಿ ಕೂತಿತು, ಮುಖ್ಯ ಉಪಸಂಪಾದಕರೂ ತಲೆದೂಗಿದರು. ಮರುದಿನ ಹತ್ತು ಗಂಟೆಯ ಹೊತ್ತಿಗೆ ಕಚೇರಿಗೆ ಒಂದು ಕರೆ ಬಂತು. ತೋಟ ಕಳೆದುಕೊಂಡು ಸಂಬಂಧಿಕರ ಮನೆಯಲ್ಲಿದ್ದ ಹಿರಿಯರೊಬ್ಬರು. ಸಿಟ್ಟಿನ ದನಿಯಲ್ಲ, ಮೆಲ್ಲನೆ ಕೇಳಿದರು. ಚೆಂಡು ಪುಟಿಯಬೇಕಾದರೆ ಕೆಳಗೆ ನೆಲವಿರಬೇಕಲ್ಲವೇ, ನಮ್ಮ ನೆಲವೇ ಹೊಳೆಗೆ ಹೋಗಿದೆಯಲ್ಲ ಎಂಬುದು ಅವರ ಮಾತಿನ ಸಾರಾಂಶ. ಪತ್ರಿಕೆ ಓದಿದ ಯಾರೋ ಅವರಿಗೆ ‘ನಿಮ್ಮ ಕಡೆ ಎಲ್ಲ ಸರಿಹೋಯಿತಂತಲ್ಲ’ ಎಂದಿದ್ದರಂತೆ. ಪರಿಹಾರದ ಅರ್ಜಿ ಹಿಡಿದು ಕಚೇರಿ ಅಲೆಯುತ್ತಿದ್ದವರಿಗೆ ಆ ಮಾತು ಹೇಗೆ ನಾಟಿತೆಂದು ನಾನು ಊಹಿಸಬಲ್ಲೆ. ಕ್ಷಮೆ ಕೇಳಿದೆ. ಮುಂದಿನ ವಾರ ಅದೇ ಪ್ರದೇಶದ ಇನ್ನೊಂದು ವರದಿ ಹೋದಾಗ ಶೀರ್ಷಿಕೆಯಲ್ಲಿ ವಿಶೇಷಣವೇ ಇರಲಿಲ್ಲ.

ಪಕ್ಕದ ಮನೆಯ ಪದಗಳು

‘ಪುಟಿಯುವ’ ಪದದ ನೆರೆಹೊರೆಯಲ್ಲಿ ಕನ್ನಡ ಬಹು ಶ್ರೀಮಂತ. ಚಲನೆಯ ಪದಗಳನ್ನೇ ನೋಡಿ. ನೆಲ ಬಿಟ್ಟು ಮೇಲೇಳುವುದೆಲ್ಲ ಪುಟಿತವಲ್ಲ. ಕಪ್ಪೆ ಕುಪ್ಪಳಿಸುತ್ತದೆ. ಜಿಂಕೆ ಚಂಗನೆ ನೆಗೆಯುತ್ತದೆ. ಬಾಳೆಲೆಯ ಮೇಲಿಂದ ಮಿಡತೆ ಜಿಗಿಯುತ್ತದೆ. ಬಾಣಲೆಯ ಸಾಸಿವೆ ಸಿಡಿಯುತ್ತದೆ. ನೀರು ಚಿಮ್ಮುತ್ತದೆ. ಬೆಂಗಳೂರು, ಮೈಸೂರು ಸೀಮೆಯ ಆಡುಮಾತಿನಲ್ಲಿ ಚೆಂಡು ‘ಎಗರುತ್ತದೆ’. ಎಗರುವುದರಲ್ಲಿ ತುಸು ಉದ್ಧಟತನವೂ ಇದೆ, ‘ಅವನ ಮೇಲೆ ಎಗರಿಬಿದ್ದ’ ಎಂಬ ಮಾತಿನಲ್ಲಿರುವಂತೆ. ಜಿಗಿಯುವವನಿಗೆ ಇಚ್ಛೆಯಿರುತ್ತದೆ, ಸ್ನಾಯುವಿರುತ್ತದೆ. ಪುಟಿಯುವ ವಸ್ತುವಿಗೆ ಇಚ್ಛೆಯಿಲ್ಲ, ಗುಣವಿದೆ. ಆದ್ದರಿಂದಲೇ ಮನುಷ್ಯನನ್ನು ‘ಪುಟಿಯುವ’ ಎಂದಾಗ ಅದು ಅವನು ಪ್ರಯತ್ನಪಟ್ಟು ಮಾಡುವ ಕೆಲಸವೆನ್ನಿಸದೆ ಅವನ ಸ್ವಭಾವವೆನ್ನಿಸುತ್ತದೆ.

ಇನ್ನು ಚೈತನ್ಯದ ಪದಗಳು. ‘ಚುರುಕು’ ಎಂಬುದರಲ್ಲಿ ವೇಗವೂ ತೀಕ್ಷ್ಣತೆಯೂ ಇದೆ. ಬಿಸಿಲೂ ಚುರುಕಾಗಿರಬಹುದು, ಬುದ್ಧಿಯೂ ಚುರುಕಾಗಿರಬಹುದು. ‘ಚೂಟಿ’ಯನ್ನು ಹೆಚ್ಚಾಗಿ ಮಕ್ಕಳಿಗೆ ಹೇಳುತ್ತೇವೆ. ‘ಹುರುಪು’ ಒಂದು ಕೆಲಸಕ್ಕೆ ಕೈಹಾಕುವ ಮುನ್ನ ಇರುವ ಬಿಸಿ. ಹೊಸ ಶಾಸಕರಿಗೆ ಮೊದಲ ಆರು ತಿಂಗಳು ಇರುವಂಥದು. ‘ಲವಲವಿಕೆ’ ಇವೆಲ್ಲಕ್ಕಿಂತ ಮೃದು. ‘ಅಜ್ಜಿ ತೊಂಬತ್ತರಲ್ಲೂ ಲವಲವಿಕೆಯಿಂದಿದ್ದಾರೆ’ ಎಂದರೆ ಅಜ್ಜಿ ಕಣ್ಣಮುಂದೆ ಬರುತ್ತಾರೆ. ‘ಅಜ್ಜಿ ತೊಂಬತ್ತರಲ್ಲೂ ಪುಟಿಯುತ್ತಿದ್ದಾರೆ’ ಎಂದರೆ ಮನೆಯವರು ಗಾಬರಿಯಾಗುತ್ತಾರೆ. ‘ಅಜ್ಜಿಯಲ್ಲಿ ಉತ್ಸಾಹ ಪುಟಿಯುತ್ತಿದೆ’ ಎಂದರೆ ಮತ್ತೆ ಸರಿ. ಪುಟಿಯುವುದು ಒಳಗಿನ ಗುಣವಾಗಿದ್ದರೆ ವಯಸ್ಸಿನ ಮಿತಿಯಿಲ್ಲ.

‘ಗೆಲುವು’ ಎಂಬ ಪದ ನನಗೆ ವೈಯಕ್ತಿಕವಾಗಿ ಬಹಳ ಇಷ್ಟ. ಚುನಾವಣೆ, ಪಂದ್ಯಗಳ ಭರಾಟೆಯಲ್ಲಿ ಇದರ ಹಳೆಯ ಅರ್ಥ ಮಸುಕಾಗುತ್ತಿದೆ. ‘ಮಗು ಈವತ್ತು ಗೆಲುವಾಗಿದೆ’ ಎಂದು ತಾಯಿ ಹೇಳಿದರೆ ಅದು ಯಾರನ್ನೂ ಸೋಲಿಸಿಲ್ಲ. ಮೂರು ದಿನ ಮುದುಡಿ ಮಲಗಿದ್ದುದು ಈಗ ಕಣ್ಣರಳಿಸಿ ಆಡುತ್ತಿದೆ ಎಂದರ್ಥ. ವೈದ್ಯರ ವರದಿಯಲ್ಲಿ ಇದಕ್ಕೆ ಸಮನಾದ ಪದ ಸಿಗಲಾರದು. ಗಿಡಬಳ್ಳಿಗಳಿಗೆ ‘ನಳನಳಿಸು’ ಇದೆ. ಮಳೆ ಬಿದ್ದ ಮರುದಿನದ ರಾಗಿ ಹೊಲ ನಳನಳಿಸುತ್ತದೆ, ಪುಟಿಯುವುದಿಲ್ಲ.

ಗಮನಿಸಿದರೆ ಈ ಬಳಗದ ಹಲವು ಪದಗಳು ಸದ್ದನ್ನೋ ಚಲನೆಯನ್ನೋ ಅನುಕರಿಸುವಂಥವು: ಲವಲವ, ನಳನಳ, ಚಂಗನೆ, ಪುಟಪುಟ. ಹೆಜ್ಜೆ ಕಲಿತ ಮಗು ಅಂಗಳದಲ್ಲಿ ‘ಪುಟಪುಟ’ ಓಡುತ್ತದೆ. ಇಂಥ ಅನುಕರಣ ಶಬ್ದಗಳಿಗೆ 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದ ಅವ್ಯಯ ಪ್ರಕರಣದಲ್ಲಿ ಜಾಗ ಕೊಟ್ಟಿದ್ದಾನೆ. ಚೈತನ್ಯವನ್ನು ಹೇಳಲು ಕನ್ನಡಿಗರು ಅರ್ಥಕ್ಕಿಂತ ಹೆಚ್ಚಾಗಿ ಸದ್ದನ್ನು ನಂಬಿದ್ದಾರೆ.

ಅನುವಾದದ ಅವಾಂತರ

ಸುದ್ದಿಸಂಸ್ಥೆಗಳ ಇಂಗ್ಲಿಷ್ ಪ್ರತಿಯನ್ನು ರಾತ್ರಿ ಪಾಳಿಯಲ್ಲಿ ಕನ್ನಡಕ್ಕೆ ಇಳಿಸುವವರಿಗೆ ‘ಬೌನ್ಸ್’ ಮತ್ತು ‘ಬೌನ್ಸಿ’ ಪದಗಳು ಕಂಡ ಕೂಡಲೇ ಬೆರಳು ‘ಪುಟಿ’ ಎಂದು ಟೈಪಿಸಿಬಿಡುತ್ತದೆ. ಇಂಗ್ಲಿಷಿನ ಆ ಪದಕ್ಕಿರುವ ಮನೆಗಳೆಲ್ಲ ಕನ್ನಡದ ‘ಪುಟಿ’ಗೆ ಸೇರಿದವಲ್ಲ.

ಚೆಕ್ಕು ಪುಟಿಯುವುದಿಲ್ಲ. ಖಾತೆಯಲ್ಲಿ ಹಣವಿಲ್ಲದೆ ಬ್ಯಾಂಕು ಹಿಂದಿರುಗಿಸಿದ ಚೆಕ್ಕಿಗೆ ಪತ್ರಿಕೆಗಳಲ್ಲಿ ‘ಚೆಕ್ ಅಮಾನ್ಯ’, ಆಡುಮಾತಿನಲ್ಲಿ ‘ಚೆಕ್ ಬೌನ್ಸ್’ ಎಂಬುದು ರೂಢಿ. 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆಗೆ 1988ರ ತಿದ್ದುಪಡಿಯಲ್ಲಿ ಸೇರಿದ 138ನೆಯ ಕಲಮಿನ ಪ್ರಕಾರ ಇದು ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ ಮೊತ್ತದ ದುಪ್ಪಟ್ಟಿನವರೆಗೆ ದಂಡ ಅಥವಾ ಎರಡೂ ವಿಧಿಸಬಹುದಾದ ಅಪರಾಧ. ಇಂಥ ಸುದ್ದಿಯಲ್ಲಿ ಪದದ ಜತೆ ಆಟವಾಡಬಾರದು. ಸಣ್ಣ ವ್ಯಾಪಾರಿಯ ಮಾನದ ಪ್ರಶ್ನೆ ಅದು.

ಮಿಂಚಂಚೆ ‘ಮರಳಿತು’ ಎಂದರೆ ಸಾಕು. ಪಬ್ಬಿನ ಬಾಗಿಲಲ್ಲಿ ನಿಲ್ಲುವ ಕಟ್ಟಾಳನ್ನು ಊರೆಲ್ಲ ‘ಬೌನ್ಸರ್’ ಎನ್ನುತ್ತದೆ, ಹಾಗೇ ಬರೆಯಬಹುದು. ತಲೆಮಟ್ಟಕ್ಕೆ ಬರುವ ಚೆಂಡಿಗೂ ಅದೇ ಹೆಸರು, ಗೊಂದಲವಾಗುವುದಿಲ್ಲ. ದುಂಡುದುಂಡಾದ, ಕೈಕಾಲು ಬಡಿದು ಆಡುವ ಮಗುವನ್ನು ‘ಪುಟಿಯುವ ಮಗು’ ಎಂದರೆ ಅದನ್ನು ಯಾರೋ ಎತ್ತಿ ಹಾಕಿದಂತೆ ಕೇಳಿಸುತ್ತದೆ. ಶಾಂಪೂ ಜಾಹೀರಾತಿನ ‘ಪುಟಿಯುವ ಕೂದಲು’ ಕೂಡ ಇದೇ ಜಾತಿಗೆ ಸೇರಿದ್ದು. ಸೊಂಪಾದ ಕೂದಲು, ತುಂಬುಗೂದಲು ಎಂಬ ಪದಗಳಿರುವಾಗ ಕೂದಲನ್ನು ನೆಲಕ್ಕೆ ಬಡಿಯುವ ಅಗತ್ಯ ಕಾಣದು. ಹಾಸಿಗೆ ಮಾರುವವರದು ಇನ್ನೂ ಕಷ್ಟ. ‘ಪುಟಿಯುವ ಹಾಸಿಗೆ’ಯಲ್ಲಿ ನಿದ್ರೆ ಹೇಗೆ ಬರಬೇಕು? ಒತ್ತಿದರೆ ತಗ್ಗಿ, ಬಿಟ್ಟರೆ ಮತ್ತೆ ಉಬ್ಬುವ ಗುಣಕ್ಕೆ ಅಂಗಡಿಯವರು ‘ಸ್ಪ್ರಿಂಗ್ ಹಾಸಿಗೆ’ ಎನ್ನುತ್ತಾರೆ, ಕೊಳ್ಳುವವರೂ ಅದನ್ನೇ ಕೇಳುತ್ತಾರೆ.

ಬರವಣಿಗೆಯಲ್ಲಿ ಕಾಣುವ ಸಣ್ಣ ತಪ್ಪುಗಳ ಬಗ್ಗೆ ಎರಡು ಮಾತು. ‘ಫುಟಿಯುವ’ ಎಂದು ಮಹಾಪ್ರಾಣ ಹಾಕುವುದು ತಪ್ಪು. ‘ಪುಟಿತಗೊಂಡ’ ಎಂಬ ರೂಪಕ್ಕೆ ಕನ್ನಡದಲ್ಲಿ ಆಸ್ಪದವಿಲ್ಲ, ‘ಪುಟಿದ’ ಎಂದರೆ ಮುಗಿಯಿತು. ‘ಮರುಪುಟಿತ’ ಎಂಬ ಹೊಸ ಟಂಕಿತವೂ ಅಲ್ಲಲ್ಲಿ ಕಾಣಿಸುತ್ತಿದೆ. ಪುಟಿತದಲ್ಲಿಯೇ ಮರಳುವ ಅರ್ಥವಿರುವುದರಿಂದ ‘ಮರು’ ಅಲ್ಲಿ ಅಧಿಕಪ್ರಸಂಗಿ. ಚೆಂಡು ಎರಡನೆಯ ಸಲ ಪುಟಿದರೆ ಮಾತ್ರ ಅದಕ್ಕೆ ಅವಕಾಶವುಂಟು, ಆಗಲೂ ‘ಎರಡನೆಯ ಪುಟಿತ’ ಎಂದರೆ ಓದುಗರಿಗೆ ಬೇಗ ತಿಳಿಯುತ್ತದೆ.